ಅಜ್ಜ ಡೌನ್ ಆದ ರಾತ್ರಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಯ ಚಾವಡಿಯಲ್ಲಿ, ಹಳೆಯ ಮರದ ಪೆಟ್ಟಿಗೆಯೊಂದರ ಮೇಲೆ, 11 ವರ್ಷ ಪ್ರಾಯದ ಲ್ಯಾಪ್‌ಟಾಪೊಂದು ಮುಚ್ಚಳ ಮುಚ್ಚಿಕೊಂಡು ಹಗಲಿರುಳು ದುಡಿಯುತ್ತದೆ. ಅದೇ ನಮ್ಮ ಸರ್ವರ್. ಮನೆಯವರ ಮೊಬೈಲುಗಳಲ್ಲಿ ಹಿಡಿಸಲಾರದ ಫೋಟೊಗಳು, ಅಪ್ಪನ ಅಡಿಕೆ ಲೆಕ್ಕ, ನಾನು ಸ್ಕ್ಯಾನ್ ಮಾಡಿಟ್ಟ ಜಾಗದ ಹಳೆಯ ಕಾಗದಪತ್ರಗಳು, ಎಲ್ಲವೂ ಅದರ ಹೊಟ್ಟೆಯಲ್ಲಿವೆ. ಮನೆಯ ಯಂತ್ರಗಳಲ್ಲೆಲ್ಲ ಅದೇ ಹಿರಿಯದು, ಮೇಲಾಗಿ ಅದರ ಫ್ಯಾನು ಉಬ್ಬಸ ಬಂದವರಂತೆ ಸದ್ದು ಮಾಡುತ್ತದೆ ಎಂಬ ಕಾರಣಕ್ಕೆ ನಾನು ಅದಕ್ಕೆ ‘ಅಜ್ಜ’ ಎಂದು ಹೆಸರಿಟ್ಟಿದ್ದೆ. ಹಾಗೆ ಹೆಸರಿಡುವಾಗ 88 ವರ್ಷದ ನಿಜವಾದ ಅಜ್ಜ ಎರಡು ಮಾರು ದೂರದ ಆರಾಮಕುರ್ಚಿಯಲ್ಲಿ ಕುಳಿತು ಎಲೆಯಡಿಕೆ ಮೆಲ್ಲುತ್ತಿದ್ದರು. ಅದು ನನಗೆ ಕಾಣಲಿಲ್ಲವೆಂದಲ್ಲ. ಅದರಿಂದ ತೊಂದರೆಯಾದೀತೆಂದು ತೋಚಲಿಲ್ಲ, ಅಷ್ಟೆ.

ನಾನು ಮಂಗಳೂರಿನಲ್ಲಿ ಕೆಲಸದಲ್ಲಿರುವವನು, ವಾರಾಂತ್ಯಕ್ಕೆ ಮಾತ್ರ ಮನೆಗೆ ಬರುವವನು. ಒಮ್ಮೆ ಎರಡು ವಾರ ಬಿಟ್ಟು ಬಂದಾಗ ಅಪ್ಪ ಕಳೆದ ವರ್ಷದ ಅಡಿಕೆ ಮಾರಾಟದ ಲೆಕ್ಕ ಕೇಳಿದರು. ನೋಡಿದರೆ ಸರ್ವರು ನಿಂತು 11 ದಿನಗಳಾಗಿದ್ದವು. ಕಾರಣ ಹುಡುಕಲು ಕಷ್ಟಪಡಬೇಕಾಗಲಿಲ್ಲ. ಅದರ ಪ್ಲಗ್ಗು ಇರಬೇಕಾದಲ್ಲಿ ಸೊಳ್ಳೆ ಓಡಿಸುವ ಯಂತ್ರವೊಂದು ಕೆಂಪು ದೀಪ ಬೆಳಗಿಸಿಕೊಂಡು ಕುಳಿತಿತ್ತು. “ಅದೆಂತದೋ ಸುಮ್ಮನೆ ಇತ್ತಲ್ಲ, ಅದಕ್ಕೇ ತೆಗೆದೆ” ಎಂದರು ಅಮ್ಮ. ನಿಂತದ್ದು ಯಾರಿಗೂ ತಿಳಿಯದ ಸರ್ವರಿಗೆ ಸರ್ವರೆಂಬ ಹೆಸರೇ ಸಲ್ಲದು ಎಂದು ಕೆರಳಿದ ನಾನು, ಅದರ ಆರೋಗ್ಯವನ್ನು ಕ್ಷಣಕ್ಷಣಕ್ಕೂ ನೋಡಿಕೊಳ್ಳುವ ತಂತ್ರಾಂಶವನ್ನು ಅಂದೇ ಹಾಕುವ ಪಣ ತೊಟ್ಟೆ.

ನನ್ನ ಸ್ವಭಾವದಲ್ಲೊಂದು ದೋಷವಿದೆ. ಇಲಿ ಹಿಡಿಯಬೇಕೆಂದರೆ ಮೊದಲು ಆನೆಯ ಖೆಡ್ಡಾ ತೋಡುತ್ತೇನೆ. ಸೌಂಡ್‌ಕ್ಲೌಡ್ ಎಂಬ ಕಂಪನಿಯಲ್ಲಿ 2012ರಲ್ಲಿ ಹುಟ್ಟಿ, ಸಾವಿರಾರು ಯಂತ್ರಗಳಿರುವ ಕಡೆಗಳಲ್ಲಿ ಬಳಕೆಯಾಗುವ ಪ್ರೊಮಿಥಿಯಸ್ ಎಂಬ ತಂತ್ರಾಂಶವನ್ನು, ಒಂದೇ ಒಂದು ಲ್ಯಾಪ್‌ಟಾಪಿನ ಕಾವಲಿಗೆ ತಂದು ನಿಲ್ಲಿಸಿದೆ. ಯಂತ್ರದ ಉಷ್ಣತೆ, ನೆನಪು, ಡಿಸ್ಕುಗಳ ಸ್ಥಿತಿಯನ್ನು ಹೇಳಲು ನೋಡ್ ಎಕ್ಸ್‌ಪೋರ್ಟರ್ ಎಂಬ ಸಹಾಯಕ ತಂತ್ರಾಂಶ 9100ನೆಯ ಪೋರ್ಟಿನಲ್ಲಿ, ಅಂದರೆ ಯಂತ್ರದ ಆ ಸಂಖ್ಯೆಯ ಬಾಗಿಲಿನಲ್ಲಿ, ಕುಳಿತಿತು. ಅದನ್ನು 15 ಸೆಕೆಂಡಿಗೊಮ್ಮೆ ಕೇಳಿ ಬರೆದಿಟ್ಟುಕೊಳ್ಳಲು ಪ್ರೊಮಿಥಿಯಸ್ 9090ರಲ್ಲಿ ಕುಳಿತಿತು. ಬರೆದದ್ದನ್ನು ಚಿತ್ರವಾಗಿ ತೋರಿಸಲು ಗ್ರಾಫಾನಾ 3000ದಲ್ಲಿ ಕೂರಬೇಕಿತ್ತು. ನಡುವೆ ಒಂದು ಇಡೀ ಶನಿವಾರವನ್ನು ಇವಕ್ಕೆಲ್ಲ ಸೂಚನೆ ಬರೆದಿಡುವ ಯಾಮಲ್ ಎಂಬ ಕಡತ ನುಂಗಿತು. ಆ ಕಡತದಲ್ಲಿ ಸಾಲುಗಳ ಮುಂದೆ ಖಾಲಿ ಜಾಗ ಬಿಡಲು ಸ್ಪೇಸ್ ಒತ್ತಬೇಕೇ ಹೊರತು ಟ್ಯಾಬ್ ಒತ್ತಬಾರದು. ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ, ಏಕೆಂದರೆ ಎರಡೂ ಕಾಣುವುದೇ ಇಲ್ಲ. ಇಲ್ಲದ್ದರಲ್ಲಿ ಎರಡು ಬಗೆಯ ಇಲ್ಲಗಳನ್ನು ಬೇರ್ಪಡಿಸುವ ಈ ವಿದ್ಯೆಯನ್ನು ಮಧ್ಯಾಹ್ನದ ಊಟವನ್ನೂ ತಪ್ಪಿಸಿಕೊಂಡು ಕಲಿತೆ.

ಸಂಜೆಗೆ ಗ್ರಾಫಾನಾ ತೆರೆದುಕೊಂಡಿತು. ಮುಳ್ಳು ತಿರುಗುವ ಚಕ್ರಗಳು, ಹಸಿರು ಗೆರೆಗಳು, ಬಣ್ಣದ ಬೆಟ್ಟಗಳು. ನಾನು ಅಮ್ಮನನ್ನೂ ಅಪ್ಪನನ್ನೂ ಕರೆದು ತೋರಿಸಿದೆ. ಅಪ್ಪ ಹತ್ತು ನಿಮಿಷ ಗಂಭೀರವಾಗಿ ನೋಡಿ, “ಇದರಲ್ಲಿ ಅಡಿಕೆಯ ಧಾರಣೆ ಎಲ್ಲಿ ಬರುತ್ತದೆ?” ಎಂದು ಕೇಳಿದರು. ಅಷ್ಟರಲ್ಲಿ ಕರೆಂಟು ಹೋಯಿತು; ಹಳೆಯ ಬ್ಯಾಟರಿ ಅರ್ಧ ಗಂಟೆ ಎಳೆದು ಕೈಬಿಟ್ಟಿತು. ಸರ್ವರು ಸತ್ತರೆ ಸುದ್ದಿ ಕೊಡಬೇಕಾದ ಕಾವಲುಗಾರನೂ ಅದೇ ಸರ್ವರಿನೊಳಗೆ ಇದ್ದುದರಿಂದ, ಇಬ್ಬರೂ ಒಟ್ಟಿಗೇ ಸತ್ತರು, ಯಾರೂ ಸುದ್ದಿ ಕೊಡಲಿಲ್ಲ.

ಆದ್ದರಿಂದ ಕಾವಲುಗಾರ ಮನೆಯ ಹೊರಗಿರಬೇಕೆಂದಾಯಿತು. ತಿಂಗಳ ಬಾಡಿಗೆಗೆ ದೂರದಲ್ಲೊಂದು ಪುಟ್ಟ ಸರ್ವರನ್ನು ಹಿಡಿದು, ಈ ಬಾರಿ ಆನೆಯನ್ನು ಬಿಟ್ಟು ಕರಡಿಯನ್ನು ಆರಿಸಿದೆ. ಅಪ್‌ಟೈಮ್ ಕುಮ ಎಂಬುದು ಸರ್ವರುಗಳು ನಡೆಯುತ್ತಿವೆಯೇ ಎಂದು ವಿಚಾರಿಸುತ್ತಿರುವ, 2021ರಲ್ಲಿ ಬಂದ ತಂತ್ರಾಂಶ. ಕುಮ ಎಂದರೆ ಜಪಾನೀ ಭಾಷೆಯಲ್ಲಿ ಕರಡಿ. ತಂತ್ರಾಂಶಗಳನ್ನು ಡಬ್ಬಿಯಲ್ಲಿಟ್ಟಂತೆ ಓಡಿಸುವ ಡಾಕರ್ ಇದ್ದರೆ ಒಂದೇ ಸಾಲಿನ ಆಜ್ಞೆಯಲ್ಲಿ ಎದ್ದು 3001ನೆಯ ಪೋರ್ಟಿನಲ್ಲಿ ಕೂರುತ್ತದೆ. ಸುಮ್ಮನೆ ಬಿಟ್ಟರೆ ನಿಮಿಷಕ್ಕೊಮ್ಮೆ ವಿಚಾರಿಸುತ್ತದೆ. ಆದರೆ ಹೊರಗಿನ ಕರಡಿ ನಮ್ಮ ಮನೆಯ ಸರ್ವರನ್ನು ವಿಚಾರಿಸುವುದು ಹೇಗೆ? ನಮ್ಮ ಇಂಟರ್‌ನೆಟ್ಟಿಗೆ ಸ್ವಂತ ವಿಳಾಸವಿಲ್ಲ; ಅನೇಕ ಮನೆಗಳು ಹೊರಜಗತ್ತಿಗೆ ಒಂದೇ ವಿಳಾಸದಲ್ಲಿ ಕಾಣಿಸಿಕೊಳ್ಳುತ್ತವೆ. ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ: ನೀರು ಒಳಗಿನಿಂದ ಹರಿದು ಹೊರಗಿನ ಟ್ಯಾಂಕಿಗೆ ಬೀಳುತ್ತದೆ, ಹೊರಗಿನಿಂದ ಒಳಗೆ ಕಳುಹಿಸುವ ಪ್ರಶ್ನೆಯೇ ಇಲ್ಲ. ಇದಕ್ಕೂ ಕರಡಿಯಲ್ಲಿ ಉಪಾಯವಿತ್ತು. ಮನೆಯ ಸರ್ವರೇ ನಿಮಿಷಕ್ಕೊಮ್ಮೆ ಹೊರಕ್ಕೆ ‘ಇದ್ದೇನೆ’ ಎಂದು ಹೇಳುತ್ತಿರಬೇಕು. ಹೇಳುವುದು ನಿಂತರೆ ಕರಡಿ ಕೂಗಬೇಕು. ಈ ‘ಇದ್ದೇನೆ’ ಎಂಬುದಕ್ಕೆ ಅಲ್ಲಿ ಹಾರ್ಟ್‌ಬೀಟ್ ಎನ್ನುತ್ತಾರೆ. ಈ ಶಬ್ದವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಕೂಗುವುದಕ್ಕೆ ಟೆಲಿಗ್ರಾಂ ಆ್ಯಪಿನಲ್ಲಿ ತಾನಾಗಿಯೇ ಸಂದೇಶ ಕಳುಹಿಸುವ ಬಾಟ್ ಒಂದನ್ನು ಮಾಡಿದೆ. ನಮ್ಮ ಫೋನುಗಳಿಗೆ ಬರುವ ಸಂದೇಶಗಳೆಲ್ಲ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವಾಗ, ನನ್ನ ಯಂತ್ರವಾದರೂ ಕನ್ನಡದಲ್ಲಿ ಮಾತನಾಡಲಿ ಎಂಬ ಗಡಿನಾಡಿನ ಛಲದಿಂದ, ಸಂದೇಶದ ಮಾದರಿಯನ್ನು ಕನ್ನಡದಲ್ಲೇ ಬರೆದೆ: ಮೊದಲು ಹೆಸರು, ಆಮೇಲೆ ಸರ್ವರು ನಿಂತಿದ್ದರೆ ‘ಡೌನ್’, ನಡೆಯುತ್ತಿದ್ದರೆ ‘ಅಪ್’, ಕೆಳಗೆ ಕಾರಣ, ಅದರ ಕೆಳಗೆ ಸಮಯ. ಯಾರಿಗೆ ಕಳುಹಿಸಬೇಕೆಂಬ ಚಾಟ್ ಐಡಿಯನ್ನು ತಾನೇ ಹುಡುಕಿಕೊಡುವ ಗುಂಡಿಯೊಂದಿತ್ತು. ಒತ್ತಿದೆ, ಸಂಖ್ಯೆ ಬಂತು. ಹಿಂದಿನ ದಿನವಷ್ಟೇ, ಜಂಬ ತೋರಿಸಲೆಂದು, ಆ ಬಾಟನ್ನು ನಮ್ಮ 43 ಮಂದಿಯ ಕುಟುಂಬದ ಗುಂಪಿಗೆ ಸೇರಿಸಿ ಎಲ್ಲರಿಗೂ ನಮಸ್ಕಾರ ಹೇಳಿಸಿದ್ದೆ. ಮೈನಸ್ ಚಿಹ್ನೆಯಿಂದ ಆರಂಭವಾಗುವ ಸಂಖ್ಯೆ ಒಬ್ಬ ವ್ಯಕ್ತಿಯದಲ್ಲ, ಗುಂಪಿನದು ಎಂಬ ಪ್ರಾಥಮಿಕ ಜ್ಞಾನ ನನಗಿರಲಿಲ್ಲ.

ಆಟಿ ತಿಂಗಳ ಶನಿವಾರ ರಾತ್ರಿ ಒಂಬತ್ತೂವರೆಗೆ ಗಾಳಿಮಳೆ ಸುರುವಾಯಿತು. ಕರೆಂಟು ಹೋಗಿ ಬಂದು, ಬಂದು ಹೋಗಿ ಮಾಡತೊಡಗಿತು. ಇನ್ವರ್ಟರಿನ ಸಾಲಿಗೆ ಸೇರಿಸದಿದ್ದ ವೈಫೈ ಪೆಟ್ಟಿಗೆ ಪ್ರತಿ ಸಲವೂ ಸತ್ತು ಹುಟ್ಟುತ್ತಿತ್ತು. ಗುಡ್ಡದ ಬುಡದ ನಮ್ಮ ಮನೆಯಲ್ಲಿ ಮೊಬೈಲಿಗೆ ವೈಫೈಯೇ ಗತಿ, ಲ್ಯಾಂಡ್‌ಲೈನನ್ನು ತೆಗೆಸಿ ವರ್ಷಗಳಾಗಿವೆ. ನಾವು ಬೇಗ ಊಟ ಮಾಡಿ ಮಲಗಿದೆವು.

ಅದೇ ಹೊತ್ತಿಗೆ ವಿಟ್ಲದ ಅತ್ತೆ ಮಾವ, ಬೆಂಗಳೂರಿನ ಭಾವ, ಪುತ್ತೂರಿನ ಚಿಕ್ಕಮ್ಮ ಮೊದಲಾದವರ ಫೋನುಗಳಿಗೆ ಸಂದೇಶ ಬಂದಿತ್ತು: ‘ಅಜ್ಜ: ಡೌನ್.’ ಅದರ ಕೆಳಗೆ ಕರಡಿ ತನ್ನದೇ ಇಂಗ್ಲಿಷಿನಲ್ಲಿ ಕಾರಣ ಕೊಟ್ಟಿತ್ತು. ನಿವೃತ್ತ ಮಾಸ್ಟ್ರಾದ ಮಾವ, ಇಂಗ್ಲಿಷ್ ಬಾರದವರಿಗೆ ಉಪಕಾರವಾಗಲೆಂದು, ಅದನ್ನು ಕೂಡಲೇ ಗುಂಪಿನಲ್ಲಿ ಕನ್ನಡಕ್ಕೆ ಅನುವಾದಿಸಿದರು: ‘ನಿಗದಿತ ಅವಧಿಯೊಳಗೆ ಹೃದಯದ ಬಡಿತ ಕಂಡುಬಂದಿಲ್ಲ.’

ಭಾವ ಗಾಬರಿಯಿಂದ ಒಂದೇ ಪದ ಬರೆದ: ‘ಅಪ್ಪೋ?’

ನಮ್ಮ ಹವ್ಯಕ ಮಾತಿನಲ್ಲಿ ‘ಅಪ್ಪೋ’ ಎಂದರೆ ಹೌದೇ ಎಂದು ಅರ್ಥ, ‘ಅಪ್ಪು’ ಎಂದರೆ ಹೌದು. ಭಾವ ಕೇಳಿದ ಮರುಕ್ಷಣ ಮನೆಯಲ್ಲಿ ಕರೆಂಟು ಬಂದು, ವೈಫೈ ಎದ್ದು, ಸರ್ವರು ಉಸಿರಾಡಿ, ಬಾಟ್ ಉತ್ತರ ಕೊಟ್ಟಿತು: ‘ಅಜ್ಜ: ಅಪ್.’ ಅವಸರದಲ್ಲಿ ಉಕಾರ ಬಿಟ್ಟುಹೋಗಿದೆ ಎಂದೇ ಎಲ್ಲರೂ ತಿಳಿದರು. ಅತ್ತೆ ಅಳತೊಡಗಿದರು. ಮುಂದಿನ ಒಂದು ಗಂಟೆಯಲ್ಲಿ ಈ ಡೌನು, ಈ ಅಪ್ಪು ಏಳು ಸಲ ಪುನರಾವರ್ತನೆಗೊಂಡಾಗ, ಮನೆಯಲ್ಲಿ ಯಾರೋ ದುಃಖದ ಭರದಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಾರೆಂದು ಭಾವಿಸಲಾಯಿತು.

ಸಮಯದ್ದು ಇನ್ನೊಂದು ಕಥೆ. ಬಾಡಿಗೆಯ ಸರ್ವರಿನ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದಿನ ವಿಶ್ವಕಾಲದಲ್ಲಿತ್ತು; ಅದನ್ನು ತಿದ್ದುವ ಕೆಲಸವನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೆ. ಹಾಗಾಗಿ ಮೊದಲ ಸಂದೇಶದಲ್ಲಿ ಇದ್ದ ಹೊತ್ತು ಸಾಯಂಕಾಲದ ನಾಲ್ಕು ಗಂಟೆ. “ನಾಲ್ಕು ಗಂಟೆಗೆ ಹೋದವರ ಸುದ್ದಿಯನ್ನು ಒಂಬತ್ತೂವರೆಗೆ, ಅದೂ ಫೋನಿನಲ್ಲಿ ಒಂದು ಸಾಲು ಬರೆದು ತಿಳಿಸುವುದೇ?” ಎಂದು ಚಿಕ್ಕಮ್ಮ ಸಿಟ್ಟಾದರಂತೆ.

ರಾತ್ರಿ ಹನ್ನೆರಡರ ಸುಮಾರಿಗೆ ಸಾರಡ್ಕದಲ್ಲಿ ಗಡಿ ದಾಟಿ, ಪೆರ್ಲಕ್ಕಾಗಿ, ಜಡಿಮಳೆಯಲ್ಲಿ ಒಂದು ಜೀಪು ನಮ್ಮ ಅಂಗಳಕ್ಕೆ ಬಂತು. ಅದರ ಸದ್ದಿಗೆ ಎಚ್ಚರವಾದದ್ದು, ರಾತ್ರಿ ಎರಡು ಬಾರಿ ಹೇಗೂ ಏಳುವ ಅಜ್ಜನಿಗೆ ಮಾತ್ರ. ಅವರು ಟಾರ್ಚು ಹಿಡಿದು ಬಾಗಿಲು ತೆರೆದಾಗ, ಎದುರಿಗೆ ಕಣ್ಣು ಬಾತುಕೊಂಡ ಮಗಳು, ಹೆಗಲ ಮೇಲೆ ಬೈರಾಸು ಹಾಕಿಕೊಂಡ ಅಳಿಯ, ಹಿಂದೆ ಯಾಕಿದ್ದರೂ ಬೇಕಾದೀತೆಂದು ಕರೆತಂದ ನೆರೆಮನೆಯ ಇಬ್ಬರು ಯುವಕರು. ಟಾರ್ಚಿನ ಬೆಳಕಿನಲ್ಲಿ ಅವರ ಮುಖಗಳನ್ನು ಒಂದೊಂದಾಗಿ ನೋಡಿ, ಪರಿಸ್ಥಿತಿಯನ್ನು ಅರ್ಥಮಾಡಿಕೊಂಡ ಅಜ್ಜ ಮೆಲ್ಲನೆ ಕೇಳಿದರು: “ಆರು ಹೋದ್ದು?”

ಯಾರು ತೀರಿಕೊಂಡದ್ದು ಎಂಬ ಆ ಪ್ರಶ್ನೆಗೆ ಉತ್ತರ ಕೊಡುವ ಧೈರ್ಯ ಜೀಪಿನಲ್ಲಿ ಬಂದವರು ಯಾರಿಗೂ ಇರಲಿಲ್ಲ. ಅತ್ತೆ ಕಿಟಾರನೆ ಕಿರುಚಿದ ಮೇಲೆ ನಮಗೆಲ್ಲ ಎಚ್ಚರವಾಯಿತು. ಆ ನಂತರದ ಅರ್ಧ ಗಂಟೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಮ್ಮ ಆ ಹೊತ್ತಿಗೆ ಎಲ್ಲರಿಗೂ ಕಾಫಿ ಮಾಡಿ, ಉಪ್ಪಿನಕಾಯಿಯೊಂದಿಗೆ ಗಂಜಿಯನ್ನೂ ಬಡಿಸಿದರೆಂಬುದಷ್ಟನ್ನು ಹೇಳಬಹುದು.

ಮರುದಿನ ಬೆಳಿಗ್ಗೆ ಚಾವಡಿಯಲ್ಲಿ ಎಲ್ಲರ ಕಣ್ಣೆದುರಿಗೇ ನಾನು ತಿದ್ದುಪಡಿಗೆ ಕುಳಿತೆ. ಚಾಟ್ ಐಡಿಯನ್ನು ಬದಲಿಸಿ ನನ್ನದೊಂದನ್ನೇ ಹಾಕಿದೆ. ಒಂದು ಬಡಿತ ತಪ್ಪಿದ ಕೂಡಲೇ ಕೂಗದೆ, ಐದು ಬಾರಿ ಕಾದು ನೋಡಿ ಕೂಗುವಂತೆ ಮಾಡಿದೆ. ಗಡಿಯಾರವನ್ನು ಭಾರತಕ್ಕೆ ತಂದೆ, ವೈಫೈಯನ್ನು ಇನ್ವರ್ಟರಿಗೆ ಸೇರಿಸಿದೆ. ಕೊನೆಗೆ, ಮಾವನ ಮೇಲುಸ್ತುವಾರಿಯಲ್ಲಿ, ಸರ್ವರಿನ ಹೆಸರನ್ನು ‘ಹಳೆ ಪೆಟ್ಟಿಗೆ’ ಎಂದು ಬದಲಾಯಿಸಿದೆ.

ಅದು ಅಜ್ಜನಿಗೆ ಅಷ್ಟಾಗಿ ಹಿಡಿಸಲಿಲ್ಲ. ಬೆಂಗಳೂರಿನಿಂದ ಮೊಮ್ಮಕ್ಕಳ ಫೋನು ಬೆಳಗಿನಿಂದ ಬಿಡುವಿಲ್ಲದೆ ಬರುತ್ತಿತ್ತು. ಮಗಳು ಮಳೆ ಬಿಡುವವರೆಗೆ ಇಲ್ಲೇ ನಿಲ್ಲುವುದೆಂದು ತೀರ್ಮಾನವಾಗಿತ್ತು. ಈಗಲೂ ಮಳೆಯ ರಾತ್ರಿ ಕರೆಂಟು ಹೋದಾಗ, ಕತ್ತಲೆಯ ಚಾವಡಿಯಿಂದ ಅವರ ಸ್ವರ ಕೇಳುತ್ತದೆ: “ಆನು ಡೌನ್ ಅಡ, ಅಪ್ಪೋ?”