ಸ್ಪಷ್ಟನೆ: ಮಾರ್ಫಿಯ ಒಪೇರಾ ಆಟದ 12ನೇ ನಡೆ

ಅಮೆರಿಕದ ಚೆಸ್ ಆಟಗಾರ ಪಾಲ್ ಮಾರ್ಫಿ 1858ರಲ್ಲಿ ಪ್ಯಾರಿಸ್ಸಿನ ಒಪೇರಾದಲ್ಲಿ ಆಡಿದ 17 ನಡೆಗಳ ಆಟವನ್ನು ಕನ್ನಡದಲ್ಲಿ ಬರೆದು ನಮ್ಮ ಚೆಸ್ ಗುಂಪಿಗೆ ಹಾಕಿದ್ದೆ. ಅದೀಗ ಹಲವು ಗುಂಪುಗಳಲ್ಲಿ ಓಡಾಡುತ್ತಿದೆ. ಅದರಲ್ಲಿ ಎರಡು ತಪ್ಪುಗಳಿವೆ, ಎರಡೂ ನನ್ನವೇ.

12ನೇ ನಡೆಯಲ್ಲಿ ಬಿಳಿ 'ಆನೆ ಡಿ1' (ಆನೆಯನ್ನು ಡಿ1 ಎಂಬ ಮನೆಗೆ ನಡೆಸುವುದು) ಆಡಿತೆಂದು ಬರೆದಿದ್ದೆ. ಸರಿಯಾದದ್ದು ರಾಣಿ ಬದಿಯ ಕ್ಯಾಸ್ಲಿಂಗ್, ಅಂದರೆ ಒಂದೇ ನಡೆಯಲ್ಲಿ ರಾಜ ಇ1ರಿಂದ ಸಿ1ಕ್ಕೆ, ಆನೆ ಎ1ರಿಂದ ಡಿ1ಕ್ಕೆ ಹೋಗುವುದು. ಎರಡರಲ್ಲೂ ಆನೆ ಡಿ1ಕ್ಕೇ ಬರುತ್ತದಲ್ಲ, ವ್ಯತ್ಯಾಸವೇನು ಅನಿಸಬಹುದು. ಮಣೆ ಹಾಕಿ ಆಡಿಸಿ ನೋಡಿ: 13ರಲ್ಲಿ ಆ ಆನೆ ಡಿ7ರ ಕುದುರೆಯನ್ನು ಹೊಡೆದು ತಾನೂ ಬೀಳುತ್ತದೆ. 14ರಲ್ಲಿ ಎಚ್1ರ ಆನೆ ಡಿ1ಕ್ಕೆ ಬರಬೇಕು. ಕ್ಯಾಸ್ಲಿಂಗ್ ಆಗಿರದಿದ್ದರೆ ರಾಜ ಇ1ರಲ್ಲೇ ದಾರಿಗೆ ಅಡ್ಡ ಕೂತಿರುತ್ತಾನೆ! ಆ ಆನೆ ಬಾರದಿದ್ದರೆ, 16ರಲ್ಲಿ ಬಿ8ಕ್ಕೆ ರಾಣಿಯನ್ನು ಬಲಿಕೊಟ್ಟ ಮೇಲೆ ಡಿ8ರಲ್ಲಿ ಚೆಕ್‌ಮೇಟ್ ಕೊಡಲು ಯಾರೂ ಇಲ್ಲ. '14ರಲ್ಲಿ ಸಿಕ್ಕಿಬಿದ್ದೆ' ಎಂದು ಒಬ್ಬ ಹುಡುಗ ಕೇಳಿದಾಗಲೇ ನನಗೆ ಹೊಳೆದದ್ದು.

ಇನ್ನೊಂದು, ಓಪನಿಂಗ್ (ಆಟದ ಆರಂಭದ ನಡೆಗಳ ಕ್ರಮ) ನಾನು ಬರೆದಂತೆ ಪೆಟ್ರೋವ್ ಅಲ್ಲ, ಫಿಲಿಡಾರ್. ಕಪ್ಪಿನ ಎರಡನೇ ನಡೆ ಕಾಲಾಳು ಡಿ6. ಕುದುರೆ ಎಫ್6 ಆಗಿದ್ದರೆ ಪೆಟ್ರೋವ್.

ಹಳೆಯ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅಲ್ಲಿಗೆ ಇದನ್ನೂ ಕಳಿಸಿ.