ಸಾರ್, ಎಡಿಟ್ ಮಾಡ್ಬೇಡಿ ಸಾರ್

ನಿನ್ನೆ ಸಂಜೆ ನಾನು ಬದಲಿಸಿದ್ದು ಒಂದು ಬಟನ್ನಿನ ಬಣ್ಣ. ನೀಲಿ ಇದ್ದದ್ದನ್ನು ಹಸಿರು ಮಾಡಿದೆ, ಅಷ್ಟೇ. ಸ್ವಲ್ಪ ಹೊತ್ತಿಗೆಲ್ಲ ಪಾಡ್‌ಗಳು, ಅಂದರೆ ಸರ್ವರಿನಲ್ಲಿ ಓಡುತ್ತಿರುವ ನಮ್ಮ ಆ್ಯಪಿನ ಪ್ರತಿಗಳು, ಮೆಮೊರಿ ಸಾಲದೆ ಒಂದೊಂದಾಗಿ ಸಾಯತೊಡಗಿದವು. ತಕ್ಷಣ ಗ್ರೂಪಿನಲ್ಲಿ ಮೆಸೇಜು: "ಕೊನೇಲಿ ಡಿಪ್ಲಾಯ್ ಮಾಡಿದ್ದು ಯಾರು?" ಬದಲಾವಣೆಯನ್ನು ಸರ್ವರಿಗೆ ಏರಿಸಿದ್ದು ಯಾರು ಅಂತ. ನಾನೇ. ಹಸಿರು ಬಣ್ಣಕ್ಕೆ ಇಷ್ಟೊಂದು ಮೆಮೊರಿ ಬೇಕಾ ಅಂತ ಮ್ಯಾನೇಜರ್ ಕೇಳಿದರು. ತಮಾಷೆಗಲ್ಲ, ನಿಜವಾಗಿಯೂ ಕೇಳಿದರು.

ವಿಷಯ ಇಷ್ಟೇ. ನಮ್ಮ ಆ್ಯಪು ಓಡುವುದು ಕ್ಲಸ್ಟರ್ ಅನ್ನುವ ಸರ್ವರುಗಳ ಗುಂಪಿನಲ್ಲಿ, ಅದನ್ನು ನಡೆಸುವ ಸಾಫ್ಟ್‌ವೇರು ಕುಬರ್ನೆಟಿಸ್. ಏನು ಹೇಗೆ ಓಡಬೇಕು ಅಂತ ಬರೆದಿಡುವುದು ಯಾಮೆಲ್ ಫೈಲಿನಲ್ಲಿ, ಆ ಫೈಲಿನ ಒಂದೊಂದು ಬದಲಾವಣೆಯೂ ದಾಖಲಾಗುವುದು ಗಿಟ್‌ನಲ್ಲಿ. ಗಿಟ್‌ನಲ್ಲಿರುವ ಫೈಲಿನಲ್ಲಿ ಮೆಮೊರಿ ಮಿತಿ 512 ಎಂಬಿ. ಅದು ಸಾಲದು ಅಂತ ನಮ್ಮ ಟೀಮಿನ ಹಿರಿಯರಾದ ಸಾರ್‌ಗೆ ಯಾವತ್ತೋ ಗೊತ್ತಾಗಿದೆ. ಯಾರಿಗೂ ಹೇಳದೆ, ಓಡುತ್ತಿರುವ ಕ್ಲಸ್ಟರಿನಲ್ಲೇ 'ಕ್ಯೂಬ್‌ಸಿಟಿಎಲ್ ಎಡಿಟ್' ಅನ್ನುವ ಕಮಾಂಡ್ ಹೊಡೆದು 1 ಜಿಬಿ ಮಾಡಿಟ್ಟಿದ್ದಾರೆ. ಶೆಟ್ಟರು ಅಂಗಡಿ ಪುಸ್ತಕದಲ್ಲಿ ಬರೆಯದೆ ಅಕ್ಕಿ ಸಾಲ ಕೊಟ್ಟ ಹಾಗೆ. ಅಕ್ಕಿ ಹೋಗಿದೆ, ಊಟವೂ ಆಗಿದೆ, ಪುಸ್ತಕದಲ್ಲಿ ಮಾತ್ರ ಇಲ್ಲ. ನನ್ನ ಬಟನ್ನಿನ ಜೊತೆ ಗಿಟ್‌ನಲ್ಲಿದ್ದ ಫೈಲು ಪೂರ್ತಿಯಾಗಿ ಕ್ಲಸ್ಟರಿಗೆ ಹೋಯಿತು. 1 ಜಿಬಿ ಮತ್ತೆ 512 ಆಯಿತು. ಬೈಸಿಕೊಂಡಿದ್ದು ನಾನು.

ಸಾರ್ ನಮ್ಮ ತುಮಕೂರಿನವರೇ. ಆಫೀಸಿಗೆ ಹೋಗುವ ದಿನ ಇಬ್ಬರೂ ಬೆಳಿಗ್ಗೆ ಒಂದೇ ರೈಲಿನಲ್ಲಿ ಯಶವಂತಪುರಕ್ಕೆ ಹೋಗುತ್ತೇವೆ. ಕ್ಯಾತ್ಸಂದ್ರ ದಾಟುತ್ತಿದ್ದಂತೆ ಅವರ ಲ್ಯಾಪ್‌ಟಾಪ್ ತೊಡೆ ಮೇಲೆ ಬರುತ್ತದೆ. ಪಕ್ಕದವರು ಇಸ್ಪೀಟು ತೆಗೆದರೆ ಇವರು ಕ್ಲಸ್ಟರ್ ತೆಗೆಯುತ್ತಾರೆ.

ಈ ಎಡಿಟ್ ಕಮಾಂಡ್ ಇದೆಯಲ್ಲ, ಅದನ್ನು ಮಾಡಿದವರಿಗೆ ಮನುಷ್ಯರ ಮೇಲೆ ಜಾಸ್ತಿಯೇ ನಂಬಿಕೆ. ಸರ್ವರಿನಲ್ಲಿ ಜೀವಂತ ಇರುವ ಡಿಪ್ಲಾಯ್‌ಮೆಂಟಿನ ಯಾಮೆಲ್ಲನ್ನು ಒಂದು ತಾತ್ಕಾಲಿಕ ಫೈಲಿಗೆ ಇಳಿಸಿ ಎಡಿಟರ್‌ನಲ್ಲಿ ತೆರೆದುಕೊಡುತ್ತದೆ. ತಿದ್ದಿ, ಸೇವ್ ಮಾಡಿ ಹೊರಗೆ ಬಂದರೆ ಮುಗಿಯಿತು, ನೇರ ಪ್ರೊಡಕ್ಷನ್‌ಗೆ, ಅಂದರೆ ಜನ ಬಳಸುತ್ತಿರುವ ಆ್ಯಪಿಗೇ. "ಗ್ಯಾರಂಟಿನಾ?" ಅಂತ ಒಂದು ಮಾತೂ ಕೇಳುವುದಿಲ್ಲ. ಎಟಿಎಂ ಕೂಡ ಇನ್ನೂರು ರೂಪಾಯಿ ಕೊಡುವ ಮುಂಚೆ ಕೇಳುತ್ತದೆ.

ಲಿನಕ್ಸ್‌ನಲ್ಲಿ ಬೇರೆ ಎಡಿಟರ್ ಹೇಳದಿದ್ದರೆ ಅದು ತೆರೆಯುವುದು ವಿಐ. ಬಿಲ್ ಜಾಯ್ 1976ರಲ್ಲಿ ಬರೆದದ್ದು. ಸಾರ್ ಹುಟ್ಟಿದ್ದೂ ಹೆಚ್ಚುಕಡಿಮೆ ಆಗಲೇ, ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದುತ್ತದೆ. "ಸಾರ್, ಕ್ಯೂಬ್ ಎಡಿಟರ್ ಅಂತ ಒಂದು ವೇರಿಯಬಲ್ ಇದೆ, ನ್ಯಾನೋ ಹಾಕ್ಕೊಳ್ಳಿ, ಸುಲಭ" ಅಂದಿದ್ದೆ ಒಮ್ಮೆ. ಊಟಕ್ಕೆ ಕರೆದು ಚಮಚ ಕೊಟ್ಟರೇನೋ ಅನ್ನುವ ಹಾಗೆ ನೋಡಿದರು.

ಯಾಮೆಲ್‌ನಲ್ಲಿ ಎಲ್ಲ ನಿಂತಿರುವುದು ಸಾಲಿನ ಮುಂದಿನ ಖಾಲಿ ಜಾಗದ ಮೇಲೆ. ಟ್ಯಾಬ್ ಒತ್ತುವ ಹಾಗಿಲ್ಲ, ಸ್ಪೇಸೇ ಬೇಕು. ರೈಲು ಅಲ್ಲಾಡುತ್ತದೆ. ಸಾರ್ ಕನ್ನಡಕ ಹಣೆಗೇರಿಸಿ, ಮೂಗು ಸ್ಕ್ರೀನಿಗೆ ತಾಗುವಷ್ಟು ಹತ್ತಿರ ಹೋಗಿ, ತೋರುಬೆರಳಿನಿಂದ ಎಣಿಸುತ್ತಾರೆ. "ಒಂದು, ಎರಡು, ಮೂರು, ನಾಕು..." ಬೆಳಿಗ್ಗೆ ತಿಂದ ತಟ್ಟೆ ಇಡ್ಲಿಯ ತುಪ್ಪ ಆ ಬೆರಳಲ್ಲಿ ಇನ್ನೂ ಇರುತ್ತದೆ. ಎಣಿಸಿದಷ್ಟೂ ಸ್ಪೇಸ್‌ಗಳಿಗೆ ತುಪ್ಪದ ಬೊಟ್ಟು. ಅಷ್ಟರಲ್ಲಿ ಗಾಡಿ ಜಗ್ಗುತ್ತದೆ, ಲೆಕ್ಕ ತಪ್ಪುತ್ತದೆ, ಮತ್ತೆ ಒಂದರಿಂದ. ತಪ್ಪಿದ್ದರೆ ಅದೇ ಫೈಲು ಮೇಲುಗಡೆ ತಪ್ಪಿನ ವಿವರ ಹೊತ್ತುಕೊಂಡು ಮತ್ತೆ ತೆರೆಯುತ್ತದೆ. ಸಿಗ್ನಲ್ ಹೋದರೆ ತಿದ್ದಿದ ಪ್ರತಿ ಟೆಂಪ್ ಫೋಲ್ಡರಿನಲ್ಲಿ ಉಳಿಯುತ್ತದೆ. ಸಾರ್ ಟೆಂಪ್ ಫೋಲ್ಡರಿನಲ್ಲಿ ಅಂಥವು ರಾಶಿ ಬಿದ್ದಿವೆ.

ಇಂಥ ಎಡಿಟುಗಳ ಕಾಟ ತಾಳಲಾರದೆ ನಾವು ಆರ್ಗೋ ಸಿಡಿ ತಂದೆವು. ಗಿಟ್‌ನಲ್ಲಿ ಬರೆದಿರುವ ಹಾಗೇ ಕ್ಲಸ್ಟರನ್ನು ಇಡುವ ಸಾಫ್ಟ್‌ವೇರು ಅದು. ಅದರಲ್ಲಿ ಸೆಲ್ಫ್ ಹೀಲ್ ಅಂತ ಒಂದಿದೆ. ಗಿಟ್‌ನಲ್ಲಿ ಇರುವುದಕ್ಕೂ ಕ್ಲಸ್ಟರಿನಲ್ಲಿ ಇರುವುದಕ್ಕೂ ವ್ಯತ್ಯಾಸ ಕಂಡರೆ ತಾನೇ ಸರಿಮಾಡುತ್ತದೆ. ಸಾಮಾನ್ಯವಾಗಿ 5 ಸೆಕೆಂಡು ಸಾಕು. ಮೀಟಿಂಗಿನಲ್ಲಿ ಇದನ್ನು ವಿವರಿಸುವಾಗ ಸಾರ್ ಇದ್ದರು. ಮ್ಯೂಟ್‌ನಲ್ಲಿ ಇದ್ದರು.

ಆಮೇಲೆ ಒಂದು ಬೆಳಿಗ್ಗೆ, ಹಿರೇಹಳ್ಳಿ ದಾಟಿದ್ದೇವೆ. ಸಾರ್ 512 ತೆಗೆದು 1 ಜಿಬಿ ಹಾಕಿದರು. ಸೇವ್. 'ಎಡಿಟೆಡ್' ಅಂತ ಬಂತು. ಖುಷಿಯಾಗಿ ಮತ್ತೆ ತೆರೆದು ನೋಡಿದರೆ 512. ಹುಬ್ಬು ಗಂಟು ಹಾಕಿ ಇನ್ನೊಂದು ಸಲ ಹಾಕಿದರು. ಮತ್ತೆ 512. ತಲೆ ಎತ್ತಿ ನನ್ನನ್ನೇ ನೋಡಿದರು.

"ಏನೋ, ನೀನೇನಾದ್ರೂ ಕೈ ಹಾಕ್ತಿದ್ದೀಯಾ?"

"ಸಾರ್, ನನ್ನ ಲ್ಯಾಪ್‌ಟಾಪ್ ಬ್ಯಾಗಲ್ಲಿದೆ."

ಬ್ಯಾಗನ್ನು ಒಮ್ಮೆ ಮುಟ್ಟಿ ನೋಡಿದರು. ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಆಮೇಲೆ ಟೀಮಿನ ಮೈಸೂರು ಹುಡುಗನಿಗೆ ಫೋನ್ ಮಾಡಿ, "ಎಲ್ಲಿದ್ದೀಯಪ್ಪಾ? ಏನ್ ಮಾಡ್ತಿದ್ದೀಯಾ?" ಅಂತ ಬಹಳ ನಯವಾಗಿ ವಿಚಾರಿಸಿದರು. ಅವನು ಹಲ್ಲುಜ್ಜುತ್ತಿದ್ದ. ಪೇಸ್ಟ್ ತುಂಬಿದ ಬಾಯಲ್ಲಿ ಅವನು ಕೊಟ್ಟ ಉತ್ತರ ಇವರಿಗೆ ಇನ್ನಷ್ಟು ಅನುಮಾನ ತಂದಿತು.

"ಯಾರೋ ನೋಡ್ಕೊಂಡೇ ಕೂತಿದ್ದಾರೆ ಕಣೋ. ನಾನು ಹಾಕೋದೇ ತಡ, ತೆಗೀತಾರೆ." ಸ್ಕ್ರೀನಿನ ಬೆಳಕು ಕಡಿಮೆ ಮಾಡಿದರು, ಆ ಯಾರೋ ಕಿಟಕಿಯ ಆಚೆ ನಿಂತಿದ್ದಾರೆ ಅನ್ನುವ ಹಾಗೆ. ಇನ್ನೂ ಬೇಗ ಟೈಪ್ ಮಾಡಿದರು. ಸೇವ್, ನೋಡು, 512. ಸೇವ್, ನೋಡು, 512. ಎದುರಿಗೆ ಅವರೇಕಾಯಿ ಚೀಲ ಇಟ್ಟುಕೊಂಡು ಕೂತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. "ಯಾರಪ್ಪಾ ನಿಂಗೆ ಅಷ್ಟು ಕಾಟ ಕೊಡ್ತಿರೋದು? ಸ್ಟೇಷನ್‌ಗೆ ಹೋಗಿ ಒಂದು ಕಂಪ್ಲೇಂಟ್ ಕೊಟ್ಟುಬಿಡು" ಅಂದರು. ಸಾರ್ "ಹೂಂ ಅಜ್ಜಿ" ಅಂದರು. ಪೂರ್ತಿ ತಮಾಷೆಗೆ ಹೇಳಿದ್ದಲ್ಲ ಅದು.

ಕೊನೆಗೆ ನಾನೇ ಬಾಯಿಬಿಟ್ಟೆ. "ಸಾರ್, ಅದು ಮನುಷ್ಯರಲ್ಲ. ಆರ್ಗೋ."

"ಮಿಷನ್ನಾ?" ಮುಖ ಸಣ್ಣದಾಯಿತು. ಮನುಷ್ಯರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಸುಮ್ಮನಾದರು ಅಂದುಕೊಂಡೆ. ನಿನ್ನೆ ರಾತ್ರಿ ಮೂಲ ಹುಡುಕುತ್ತಾ ಹೋದಾಗ ತಿಳಿಯಿತು, ಏನು ಮಾಡಬೇಕು ಅಂತ ಆರ್ಗೋಗೆ ಹೇಳುವ 'ಅಪ್ಲಿಕೇಶನ್' ಕೂಡ ಕ್ಲಸ್ಟರಿನಲ್ಲಿರುವ ಒಂದು ವಸ್ತುವೇ ತಾನೇ, ಅದನ್ನೂ ಎಡಿಟ್ ಮಾಡಿದ್ದರು. ಸೆಲ್ಫ್ ಹೀಲ್ ಎದುರಿಗೆ 'ಟ್ರೂ' ಇದ್ದಲ್ಲಿ 'ಫಾಲ್ಸ್'. ಅವರು ಮರೆತದ್ದು ಒಂದೇ. ಯಾವ ಸಾಧನ ಯಾವ ಸಾಲನ್ನು ಮುಟ್ಟಿತು ಅಂತ ಕುಬರ್ನೆಟಿಸ್ 'ಮ್ಯಾನೇಜ್ಡ್ ಫೀಲ್ಡ್ಸ್' ಅನ್ನುವ ಜಾಗದಲ್ಲಿ ಬರೆದಿಟ್ಟುಕೊಳ್ಳುತ್ತದೆ. 1.21ನೇ ಆವೃತ್ತಿಯಿಂದ ಅದನ್ನು ಕೇಳದೆ ತೋರಿಸುವುದಿಲ್ಲ. ಕೇಳಿ ತೋರಿಸಿಕೊಂಡೆ. 'ಕ್ಯೂಬ್‌ಸಿಟಿಎಲ್ ಎಡಿಟ್', ಸಮಯ 3:22. ಬೆಳಗಿನ ಜಾವ ಯಾರಪ್ಪಾ ಅಂದುಕೊಂಡರೆ ಅದು ಯುಟಿಸಿ, ಅಂದರೆ ಜಾಗತಿಕ ಸಮಯ. ಐದೂವರೆ ಗಂಟೆ ಕೂಡಿಸಿದರೆ 8:52. ಆ ಹೊತ್ತಿಗೆ ನಮ್ಮ ರೈಲು ದಾಬಸ್‌ಪೇಟೆ ಬಿಟ್ಟು ನಿಡವಂದದ ಕಡೆ ಹೊರಟಿರುತ್ತದೆ. ಹೆಸರು ಬರೆದಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಸಿಟ್ಟು ಬಂದದ್ದು ನಿಜ. ಆದರೆ ಸಾರ್ ಮೇಲೆ ಪೂರ್ತಿ ಸಿಟ್ಟು ಮಾಡೋಕೂ ಆಗಲ್ಲ. ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಕ್ಲಸ್ಟರ್ ಇರಲಿಲ್ಲ, ಸರ್ವರುಗಳಿದ್ದವು. ಹೆಸರಿಟ್ಟವರು ಸಾರ್. ಮಧುಗಿರಿ, ಪಾವಗಡ, ದೇವರಾಯನದುರ್ಗ. "ಇವತ್ತು ಮಧುಗಿರಿಗೆ ಮೈ ಹುಷಾರಿಲ್ಲ" ಅನ್ನುತ್ತಿದ್ದರು. ರಾತ್ರಿ ಎರಡಕ್ಕೆ ಫೋನ್ ಮಾಡಿದರೂ ಎದ್ದು, ಒಳಗೆ ಹೋಗಿ, ಕೈಯಾರೆ ಸರಿಮಾಡಿ ಮಲಗುತ್ತಿದ್ದರು. ಈಗಿನ ಪಾಡ್‌ಗಳ ಹೆಸರಿನ ಬಾಲದಲ್ಲಿ ಅರ್ಥವಿಲ್ಲದ ಅಕ್ಷರ, ಅಂಕಿ. ಒಂದು ಸತ್ತರೆ ಇನ್ನೊಂದು ಬರುತ್ತದೆ, ಯಾರೂ ಹುಷಾರಿದೆಯಾ ಅಂತ ಕೇಳುವುದಿಲ್ಲ. ಮುಟ್ಟಿ ನೋಡೋಕೆ ಸಾರ್‌ಗೆ ಉಳಿದಿರೋದು ಈ ಎಡಿಟ್ ಒಂದೇ ಇರಬೇಕು.

ಹಾಗಂತ ಬಟನ್ ವಿಷಯಕ್ಕೆ ನಾನ್ಯಾಕೆ ಬೈಸಿಕೊಳ್ಳಬೇಕು? ರಾತ್ರಿಯೇ ಸೆಲ್ಫ್ ಹೀಲ್ ಮತ್ತೆ ಆನ್ ಮಾಡಿದೆ. ಇವತ್ತು ಮೀಟಿಂಗ್ ಆಯಿತು. ಇನ್ನು ಮುಂದೆ ಎಲ್ಲರಿಗೂ ನೋಡುವ ಅನುಮತಿ ಮಾತ್ರ, ತಿದ್ದುವುದು ಬೇಡ ಅಂತ ತೀರ್ಮಾನ. ಎಲ್ಲರಿಗಿಂತ ಮೊದಲು ಒಪ್ಪಿದ್ದು ಸಾರ್. ಮ್ಯಾನೇಜರ್ ಅದನ್ನು ಗಿಟ್‌ಗೆ ಹಾಕಿ, ರಿವ್ಯೂಗೆ ಕೊಟ್ಟು ಅಂತ ಶುರುಮಾಡಿದ್ದರು.

"ಇಷ್ಟಕ್ಕೆಲ್ಲ ರಿವ್ಯೂ ಯಾಕೆ ಸಾರ್, ತಾಳಿ" ಅಂತ ಮ್ಯಾನೇಜರ್‌ಗೆ ಅಂದವರೇ ನಮ್ಮ ಸಾರ್, ಎಲ್ಲರೂ ನೋಡುತ್ತಿರುವಾಗಲೇ ಯಾರು ಏನು ಮಾಡಬಹುದು ಅಂತ ಬರೆದಿರುವ ಕ್ಲಸ್ಟರ್ ರೋಲನ್ನು ಎಡಿಟ್‌ನಲ್ಲಿ ತೆರೆದು, ತಿದ್ದುವ ಅನುಮತಿಯ ಸಾಲುಗಳನ್ನು ತಾವೇ ಅಳಿಸಿ ಸೇವ್ ಮಾಡಿದರು. ಮೀಟಿಂಗಿನಲ್ಲಿ ಚಪ್ಪಾಳೆ.

ಗಿಟ್‌ನಲ್ಲಿ ಆ ಅನುಮತಿ ಹಾಗೇ ಇತ್ತಲ್ಲ. ಚಪ್ಪಾಳೆ ನಿಲ್ಲುವಷ್ಟರಲ್ಲಿ ಆರ್ಗೋ ಅದನ್ನು ತಂದು ಮತ್ತೆ ಅವರ ಕೈಗೇ ಇಟ್ಟಿತು.

"ನೋಡಿದ್ಯೇನೋ," ಅಂದರು ಸಾರ್, "ನಾನು ಬಿಟ್ರೂ ಅದು ಬಿಡ್ತಿಲ್ಲ."