ವಿಯೆಂಟಿಯಾನ್ ಫ್ರೆಂಚರು ಕಟ್ಟಿದ ಊರಲ್ಲ

ಲಾವೋಸ್‌ನ ರಾಜಧಾನಿ ವಿಯೆಂಟಿಯಾನನ್ನು ಫ್ರೆಂಚರೇ ಕಾಡು ಕಡಿದು ಹೊಸದಾಗಿ ಕಟ್ಟಿದರು ಅಂತ ಒಂದು ಪೋಸ್ಟ್ ಓಡಾಡುತ್ತಿದೆ. ಅರ್ಧ ನಿಜ, ಅದಕ್ಕೇ ಜನ ಸುಲಭವಾಗಿ ನಂಬುತ್ತಾರೆ. ಕಾಡು ಇದ್ದದ್ದು ಹೌದು. ಆದರೆ ಅದು ಹಾಳೂರಿನ ಮೇಲೆ ಬೆಳೆದ ಕಾಡು!

ಹಳೆಯ ಲಾವೋ ರಾಜ್ಯ ಲಾನ್ ಸಾಂಗ್‌ನ ದೊರೆ ಸೆತ್ತಾತಿರಾತ್ 1560ರ ದಶಕದಲ್ಲೇ ರಾಜಧಾನಿಯನ್ನು ಲುವಾಂಗ್ ಪ್ರಬಾಂಗ್‌ನಿಂದ ಮೆಕಾಂಗ್ ನದಿ ದಂಡೆಯ ಈ ಊರಿಗೆ ತಂದಿದ್ದ. ತಾಟ್ ಲುವಾಂಗ್ ಸ್ತೂಪ ಕಟ್ಟಿಸಿದ್ದೂ ಅವನೇ. ಮುಂದೆ ಚಾವೊ ಅನು ಎಂಬ ಅರಸ ಸಯಾಮಿನ (ಈಗಿನ ಥಾಯ್ಲೆಂಡ್) ವಿರುದ್ಧ ತಿರುಗಿಬಿದ್ದು ಸೋತ. ಆಗ, 1827-28ರಲ್ಲಿ, ಸಯಾಮಿನ ಸೇನೆ ಊರಿಗೆ ಬೆಂಕಿಯಿಟ್ಟು, ಜನರನ್ನು ಹೊಳೆ ಆಚೆಗೆ ಸಾಗಿಸಿ, ಊರನ್ನೇ ಖಾಲಿ ಮಾಡಿಸಿತು. ಸಿ ಸಾಕೇತ್ ವಿಹಾರ ಹೇಗೋ ಉಳಿಯಿತು. 1867ರಲ್ಲಿ ಬಂದ ಫ್ರೆಂಚ್ ಅನ್ವೇಷಕರು ಕಂಡದ್ದು ಈ ಪಾಳು.

ಆಮೇಲೆ ಫ್ರೆಂಚರು ಅದನ್ನು ಆಡಳಿತ ಕೇಂದ್ರ ಮಾಡಿಕೊಂಡು ರಸ್ತೆ, ಕಚೇರಿ ಕಟ್ಟಿದರು, ಸ್ತೂಪ ರಿಪೇರಿ ಮಾಡಿಸಿದರು. ಅಷ್ಟನ್ನು ಒಪ್ಪೋಣ. ಫ್ರೆಂಚರ ಕಾಲದಲ್ಲೂ, ಆಮೇಲೆ 1975ರವರೆಗೂ ರಾಜರ ಅರಮನೆ ಮಾತ್ರ ಲುವಾಂಗ್ ಪ್ರಬಾಂಗ್‌ನಲ್ಲಿತ್ತು.

ವಿಯೆಂಟಿಯಾನ್ ಪ್ರಾಂತ್ಯದ ಆಡಳಿತವೂ ಇದೇ ಊರಿಂದ ನಡೆಯುತ್ತೆ ಅಂತ ಅದೇ ಪೋಸ್ಟಿನಲ್ಲಿದೆ, ಅದೂ ತಪ್ಪು. ರಾಜಧಾನಿಯನ್ನು 1989ರಲ್ಲೇ ಪ್ರಾಂತ್ಯದಿಂದ ಬೇರೆ ಮಾಡಿದ್ದಾರೆ. ಪ್ರಾಂತ್ಯದ ಕೇಂದ್ರ ಇರುವುದು ಫೋನ್‌ಹೋಂಗ್‌ನಲ್ಲಿ.